ಸ್ಥಾನ, ಮಾತ್ರೆ, ಕಾಲ

ವರ್ಣೋತ್ಪತ್ತಿಯನ್ನು ಬೋಧಿಸುವ ಪಂಡಿತನು ಮೊಟ್ಟಮೊದಲು ಹೇಳಬೇಕಾದುದು ಸ್ಥಾನವನ್ನು. ಕಂಠದಲ್ಲಿ ಹುಟ್ಟಿದುದು ಕಂಠ್ಯ, ತಾಲುವಿನಲ್ಲಿ ಹುಟ್ಟಿದುದು ತಾಲವ್ಯ, ನಾಲಗೆಯ ತುದಿಯು ಹಲ್ಲಿನ ಬುಡವನ್ನು ಮುಟ್ಟಿದಾಗ ಹುಟ್ಟಿದುದು ದಂತ್ಯ. ತ ಥ ದ ಧ ನ ಎಂಬ ಐದು ವರ್ಣಗಳು, ಅವುಗಳೊಡನೆ ಲಕಾರ ಸಕಾರಗಳು, ಇವಿಷ್ಟೂ ಹಲ್ಲಿಗೆ ಋಣಿಯಾದ ಅಕ್ಷರಗಳು. ಸ್ಥಾನವನ್ನು ಹೇಳಿದ ಬಳಿಕ ಮಾತ್ರೆಯನ್ನು ಹೇಳಬೇಕು. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ಇಲ್ಲಿ ಮಾತ್ರೆಯೆಂದರೆ ಕಾಲದ ಅಳತೆ. ಅದೇ ಶಬ್ದವು ವೈದ್ಯನ ಬಾಯಲ್ಲಿ ಔಷಧದ ಪ್ರಮಾಣವಾಗುತ್ತದೆ. ಜನಸಾಮಾನ್ಯರ ಬಾಯಲ್ಲಿ ನೀರಿನೊಡನೆ ನುಂಗುವ ಗುಳಿಗೆಯಾಗುತ್ತದೆ. ಒಂದೇ ಶಬ್ದದ ಈ ಮೂರು ಅರ್ಥಗಳು ಮೂರು ದಿಕ್ಕಿಗೆ ಹೋದವೆಂದು ಬಹುಕಾಲ ಭಾವಿಸಿದ್ದ ನನಗೆ, ಅವು ಮೂರೂ ಒಂದೇ ವಸ್ತುವಿನಲ್ಲಿ ಕೂಡಿರುವುದನ್ನು ಕಾಣುವ ಸಂದರ್ಭವೊಂದು ಇತ್ತೀಚೆಗೆ ಒದಗಿತು. ಆ ವಸ್ತುವು ವಸಡಿನ ರೋಗಕ್ಕಾಗಿ ಹಲ್ಲಿನ ಸಂದಿನಲ್ಲಿರಿಸುವ, ಮೆಲ್ಲಮೆಲ್ಲನೆ ಕರಗಿ ಮದ್ದನ್ನು ಬಿಡುವ ಒಂದು ಚಿಕ್ಕ ಬಿಲ್ಲೆ.

ಕನ್ನಡ ಪಂಡಿತನಿಗೆ ವೈದ್ಯದ ಉಸಾಬರಿ ಏಕೆಂದು ವಾಚಕ ಮಹಾಶಯರು ಕೇಳಬಹುದು. ನಮ್ಮ ಭಾಷೆಯಲ್ಲಿ ಅದಕ್ಕೆ ಹಳೆಯ ಮೇಲ್ಪಂಕ್ತಿಗಳುಂಟು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಸಂಸ್ಕೃತದ ವೈದ್ಯವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂಬ ಹೆಸರಿನಲ್ಲಿ ಕನ್ನಡಕ್ಕೆ ತಂದನು. ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನೇ ವಸ್ತುವಾಗಿಸಿಕೊಂಡು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ರೋಗಿಗೆ ತಿಳಿಯುವ ಭಾಷೆಯಲ್ಲಿ ವೈದ್ಯವಿರಬೇಕೆಂಬ ಬಯಕೆ ನಮ್ಮಲ್ಲಿ ಇಂದು ನಿನ್ನೆಯದಲ್ಲ. ನಾನು ವೈದ್ಯನಲ್ಲ, ರೋಗಿಯಾಗಿ ಕೇಳಿದುದನ್ನು, ಓದಿ ತಿಳಿದುದನ್ನು ಕನ್ನಡದಲ್ಲಿ ನಿವೇದಿಸುವುದಷ್ಟೇ ನನ್ನ ಅಧಿಕಾರ.

ನನಗೆ ಐವತ್ತು ದಾಟಿದ ಮೇಲೆ ಮುಂಜಾನೆ ಬಾಯಿ ಮುಕ್ಕಳಿಸಿದಾಗ ಉಗುಳಿನಲ್ಲಿ ರಕ್ತದ ಎಳೆ ಕಾಣಿಸತೊಡಗಿತು. ನೋವಿರಲಿಲ್ಲ. ಕೆಲವು ತಿಂಗಳಲ್ಲಿ ಕೆಳಗಿನ ಎದುರು ಹಲ್ಲೊಂದು ನಾಲಗೆಯ ಒತ್ತಿಗೆ ಅಲುಗಿತು. ತರಗತಿಯಲ್ಲಿ ಹಳಗನ್ನಡ ಪದ್ಯವನ್ನು ಗಟ್ಟಿಯಾಗಿ ಓದುವಾಗ ಸಕಾರದ ಜೊತೆಗೆ ಒಂದು ಶಿಳ್ಳೆ ಸೇರಿಕೊಂಡಿತು; ಹಿಂದಿನ ಬೆಂಚಿನ ಹುಡುಗರು ತಲೆ ತಗ್ಗಿಸಿ ನಕ್ಕರು. ಅವರನ್ನು ಗದರಲು ಮನಸ್ಸಾಗಲಿಲ್ಲ. ಮೂವತ್ತು ವರ್ಷ ಅಕ್ಷರಶುದ್ಧಿಯನ್ನೇ ಕಾಯಕವೆಂದು ನಂಬಿ ನಡೆದವನಿಗೆ ದಂತ್ಯಗಳ ನೆಲೆಯೇ ಅಲುಗಿದರೆ ಉಳಿಯುವುದೇನು? ಅಧ್ಯಾಪಕನಿಗೆ ಬಾಯಿಯೇ ಹೊಲ, ಬಾಯಿಯೇ ನೇಗಿಲು.

ನಮ್ಮ ಈ ಶಾಲೆಯಲ್ಲಿಯೇ ಕಲಿತು ದಂತವೈದ್ಯೆಯಾಗಿರುವ ಒಬ್ಬ ಹೆಣ್ಣುಮಗಳಲ್ಲಿಗೆ ಹೋದೆ. ಆಕೆ ಮೊಂಡು ತುದಿಯ ಒಂದು ಸಣ್ಣ ಕಡ್ಡಿಯನ್ನು ಕೈಗೆತ್ತಿಕೊಂಡಳು. ಅದರ ಮೈಮೇಲೆ ಮಿಲಿಮೀಟರಿನ ಗೆರೆಗಳು. ಒಂದೊಂದು ಹಲ್ಲಿನ ಸುತ್ತಲೂ ವಸಡಿನ ಸಂದಿನಲ್ಲಿ ಅದನ್ನು ಹಗುರವಾಗಿ ಇಳಿಸಿ, ಪಕ್ಕದಲ್ಲಿದ್ದ ಸಹಾಯಕಿಗೆ ಅಂಕಿಗಳನ್ನು ಹೇಳುತ್ತ ಹೋದಳು: ಮೂರು, ಎರಡು, ಮೂರು; ಮೂರು, ನಾಲ್ಕು, ಆರು. ಪದ್ಯಕ್ಕೆ ಪ್ರಸ್ತಾರ ಹಾಕಿದಂತೆ ನನ್ನ ಬಾಯಿಗೇ ಪ್ರಸ್ತಾರ ಹಾಕಿದ ಹಾಗಿತ್ತು.

“ಗುರುಗಳೇ, ಒಂದರಿಂದ ಮೂರರವರೆಗೆ ಇದ್ದರೆ ಆರೋಗ್ಯ. ತಮ್ಮ ಬಾಯಲ್ಲಿ ಆರು ಕಡೆ ಐದು, ಆರು ಮಿಲಿಮೀಟರ್ ಇಳಿಯುತ್ತಿದೆ. ವಸಡು ಹಲ್ಲನ್ನು ಬಿಟ್ಟು ಸರಿದು ಕಿಸೆಯಾಗಿದೆ,” ಎಂದಳು.

“ಕಿಸೆಯಾದರೆ ಅದರಲ್ಲಿ ಏನು ತುಂಬಿದೆಯವ್ವಾ?” ಎಂದು ಕೇಳಿದೆ.

“ಕೂಡಬಾರದ್ದು ಕೂಡಿಕೊಂಡಿದೆ,” ಎಂದು ನಕ್ಕಳು.

ಆಕೆ ವಿವರಿಸಿದುದರ ಸಾರವಿದು. ಹಲ್ಲಿನ ಮೇಲೆ ಸೂಕ್ಷ್ಮಜೀವಿಗಳು ಬಿಡಿಬಿಡಿಯಾಗಿ ಇರುವುದಿಲ್ಲ. ಕೆರೆಯ ಸೋಪಾನಕ್ಕೆ ಪಾಚಿ ಕಟ್ಟುವಂತೆ, ತಾವೇ ಸ್ರವಿಸಿದ ಅಂಟಿನಲ್ಲಿ ಹುದುಗಿ ಪದರಪದರವಾಗಿ ನೆಲೆಸುತ್ತವೆ. ದಿನವೂ ತೆಗೆಯದೆ ಉಳಿದ ಪದರಕ್ಕೆ ಜೊಲ್ಲಿನಲ್ಲಿರುವ ಸುಣ್ಣದಂಶ ಸೇರಿ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದನ್ನು ಹೊರದೂಡಲೆಂದು ಶರೀರ ಹೂಡುವ ಯುದ್ಧದಲ್ಲಿ ವಸಡು ಕೆಂಪಾಗಿ ಬೀಗುತ್ತದೆ, ರಕ್ತ ಒಸರುತ್ತದೆ. ಯುದ್ಧವು ವರ್ಷಗಟ್ಟಲೆ ನಡೆದರೆ ಹಲ್ಲನ್ನು ಹಿಡಿದ ನಾರುಗಳೂ ದವಡೆಯ ಎಲುಬೂ ಸವೆಯುತ್ತವೆ. ನೋವಿಲ್ಲದಿರುವುದೇ ಈ ರೋಗದ ಕಪಟ. ತಂಬಾಕಿನ ಚಟವುಳ್ಳವರಲ್ಲಿ ರಕ್ತವೂ ಅಷ್ಟಾಗಿ ಕಾಣುವುದಿಲ್ಲ. ಹೊಗೆಸೊಪ್ಪು ರೋಗವನ್ನು ಹೆಚ್ಚಿಸಿ ಅದರ ಕುರುಹನ್ನು ಮರೆಮಾಚುತ್ತದೆ. ಸಕ್ಕರೆ ಕಾಯಿಲೆಗೂ ಇದಕ್ಕೂ ಎರಡು ಕಡೆಯ ನಂಟು: ಮಧುಮೇಹವಿದ್ದವರಿಗೆ ವಸಡಿನ ರೋಗ ಬೇಗ ಬಲಿಯುತ್ತದೆ; ವಸಡಿನ ರೋಗ ಬಲಿತರೆ ಸಕ್ಕರೆಯ ಹತೋಟಿ ಕಠಿನವಾಗುತ್ತದೆ.

ಮನೆಗೆ ಬಂದು ಸುಶ್ರುತಸಂಹಿತೆಯನ್ನು ತೆರೆದೆ. ಅಲ್ಲಿ ಮುಖರೋಗಗಳು ೬೫. ಅವುಗಳಲ್ಲಿ ದಂತಮೂಲಕ್ಕೆ ಸಂಬಂಧಿಸಿದವು ೧೫. ‘ದಂತವೇಷ್ಟ’ವೆಂಬುದರ ಲಕ್ಷಣವನ್ನು ಓದಿದಾಗ ನನ್ನ ಬಾಯನ್ನೇ ನೋಡಿ ಬರೆದಂತಿತ್ತು: ಕೀವು ರಕ್ತಗಳು ಸ್ರವಿಸುವುದು, ಹಲ್ಲು ಅಲುಗುವುದು. ಚಿಕಿತ್ಸೆಯ ಕ್ರಮವಂತೂ ಇನ್ನೂ ಮನನೀಯವಾಗಿದೆ. ಮೊದಲು ದುಷ್ಟರಕ್ತವನ್ನು ಹೊರಗೆ ಬಿಡಬೇಕು. ಆ ಮೇಲೆ ಲೋಧ್ರ, ಪತ್ತಂಗ, ಜೇಷ್ಠಮಧು, ಅರಗು ಇವುಗಳ ಚೂರ್ಣವನ್ನು ಜೇನಿನಲ್ಲಿ ಕಲಸಿ ವಸಡಿಗೆ ತೀಡಬೇಕು. ಬಳಿಕ ಆಲ ಅತ್ತಿ ಮೊದಲಾದ ಹಾಲುಮರಗಳ ಕಷಾಯವನ್ನು ಬಾಯಲ್ಲಿ ತುಂಬಿಕೊಳ್ಳಬೇಕು. ಬಾಯಿ ತುಂಬಿಸಿ ಅಲುಗಿಸದೆ ಹಿಡಿಯುವುದು ಗಂಡೂಷ. ಆಡಿಸಲು ಎಡೆಯಿರುವಷ್ಟು ಹಿಡಿಯುವುದು ಕವಲ. ಎಷ್ಟು ಹೊತ್ತು ಹಿಡಿಯಬೇಕು? ಬಾಯಿ ಕಫದಿಂದ ತುಂಬಿ, ಕಣ್ಣು ಮೂಗುಗಳಲ್ಲಿ ನೀರೂರುವ ತನಕ. ಗಡಿಯಾರವಿಲ್ಲದ ಕಾಲದಲ್ಲಿ ಶರೀರದ ಲಕ್ಷಣವೇ ಕಾಲಮಾನ.

ಈ ವಿಧಿಯಲ್ಲಿ ಮೂರು ಅಂಶಗಳು ಎದ್ದು ಕಾಣುತ್ತವೆ. ಮದ್ದಿಗೆ ಮುಂಚೆ ಶೋಧನ. ಮದ್ದು ಜಾರದೆ ವಸಡಿಗೆ ಅಂಟಿ ನಿಲ್ಲಲು ಜೇನಿನ ಆಸರೆ. ಮದ್ದು ತನ್ನ ಕೆಲಸ ಮಾಡಲು ಬೇಕಾದಷ್ಟು ಹೊತ್ತು. ಸ್ಥಾನ, ಮಾತ್ರೆ, ಕಾಲ ಎಂಬ ಮೂರನ್ನೂ ಪ್ರಾಚೀನರು ಬಲ್ಲವರಾಗಿದ್ದರು. ಆದರೆ ಆರು ಮಿಲಿಮೀಟರ್ ಆಳದ ಕತ್ತಲೆಯ ಕಿಸೆಯೊಳಗೆ ಏನು ನಡೆಯುತ್ತದೆಂಬುದನ್ನು ಅಳೆಯುವ ಸಾಧನ ಅವರಲ್ಲಿರಲಿಲ್ಲ.

ಆ ಅಳತೆ ದೊರೆತುದು ನಮ್ಮ ಕಾಲದಲ್ಲಿ. ವಸಡಿನ ಕಿಸೆಯ ಒಳಗೋಡೆಯಿಂದ ಒಂದು ದ್ರವ ಸದಾ ಒಸರುತ್ತಿರುತ್ತದೆ. ರೋಗಗ್ರಸ್ತವಾದ ಐದು ಮಿಲಿಮೀಟರಿನ ಕಿಸೆಯಲ್ಲಿ ಈ ದ್ರವವು ಗಂಟೆಗೆ ಸುಮಾರು ೪೦ ಸಲ ಹಳೆಯದು ಹೋಗಿ ಹೊಸದಾಗುತ್ತದೆಂದು ಅಂದಾಜು. ಬಾಯಿ ಮುಕ್ಕಳಿಸಿದ ಕಷಾಯವು ಆ ಆಳಕ್ಕೆ ಇಳಿಯುವುದೇ ಅಪರೂಪ. ಪಿಚಕಾರಿಯಿಂದ ಒಳಗೇ ಬಿಟ್ಟರೂ ತೆಳುವಾದ ದ್ರವವು ನಿಮಿಷಗಳಲ್ಲಿ ಕೊಚ್ಚಿ ಹೋಗುತ್ತದೆ. ಪಾಚಿಯೊಳಗೆ ಹುದುಗಿದ ಜೀವಿಗಳಿಗೋ ಬಿಡಿ ಜೀವಿಗಳಿಗಿಂತ ಹೆಚ್ಚು ಮದ್ದು, ಹೆಚ್ಚು ಹೊತ್ತು ಬೇಕು. ಹರಿಯುವ ಹಳ್ಳದಲ್ಲಿ ಅರಿಶಿನದ ಚಿಟಿಕೆಯನ್ನು ಚೆಲ್ಲಿ ನೀರು ಹಳದಿಯಾಗಲೆಂದು ಕಾಯುವುದು ಹೇಗೋ ಹಾಗೆ. ನೀರು ಹಳದಿಯಾಗಿಯೇ ಇರಬೇಕಾದರೆ ಅರಿಶಿನದ ಕೊಂಬನ್ನೇ ಬಟ್ಟೆಯಲ್ಲಿ ಕಟ್ಟಿ ಹಳ್ಳದ ಮಡುವಿನಲ್ಲಿ ಇಳಿಬಿಡಬೇಕು.

ಆ ಕೊಂಬು ಕಟ್ಟುವ ಉಪಾಯವನ್ನು ೧೯೭೯ರಲ್ಲಿ ಅಮೆರಿಕದ ಬಾಸ್ಟನ್ನಿನ ವಿಜ್ಞಾನಿ ಮ್ಯಾಕ್ಸ್ ಗುಡ್‌ಸನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಒಳಗೆ ಟೊಳ್ಳಾದ ಸೆಲ್ಯುಲೋಸಿನ ಸಣ್ಣ ಎಳೆಯಲ್ಲಿ ಟೆಟ್ರಾಸೈಕ್ಲಿನ್ ಎಂಬ ಜೀವಿರೋಧಕವನ್ನು ತುಂಬಿ ವಸಡಿನ ಸಂದಿನಲ್ಲಿ ಇರಿಸಿದರು. ಇಡೀ ದೇಹಕ್ಕೆ ಗುಳಿಗೆಯಾಗಿ ಕೊಡಬೇಕಾದುದರ ಅತ್ಯಲ್ಪ ಅಂಶವೇ ರೋಗದ ತಾಣದಲ್ಲಿ ಸಾಕಷ್ಟಾಗಬಹುದೆಂಬುದು ಅವರ ಎಣಿಕೆ. ಈ ವರ್ಗದ ಒಂದು ಎಳೆಗೆ ೧೯೯೪ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಒಪ್ಪಿಗೆ ದೊರೆಯಿತು. ಆದರೆ ಆ ಎಳೆ ಕರಗುವಂತಹುದಲ್ಲ. ಕೆಲಸ ಮುಗಿದ ಮೇಲೆ ವೈದ್ಯರೇ ಹೊರತೆಗೆಯಬೇಕಿತ್ತು. ೧೯೯೮ರಲ್ಲಿ ಒಪ್ಪಿಗೆ ಪಡೆದ ಇನ್ನೊಂದು ಬಿಲ್ಲೆಯು ತಾನಾಗಿ ಕರಗುವಂತಹುದು. ಐದು ಮಿಲಿಮೀಟರ್ ಉದ್ದ, ನಾಲ್ಕು ಅಗಲ, ದಪ್ಪವು ೦.೩೫ ಮಿಲಿಮೀಟರ್. ಅದರಲ್ಲಿರುವ ಮದ್ದು, ಕ್ಲೋರ್‌ಹೆಕ್ಸಿಡಿನ್ ಗ್ಲುಕೊನೇಟ್, ಕೇವಲ ೨.೫ ಮಿಲಿಗ್ರಾಂ. ಮೊದಲ ದಿನ ಸುಮಾರು ಶೇಕಡಾ ೪೦ ಭಾಗ ಹೊರಬಂದು, ಉಳಿದುದು ಏಳರಿಂದ ಹತ್ತು ದಿನಗಳಲ್ಲಿ ಮೆಲ್ಲನೆ ಬಿಡುಗಡೆಯಾಗುತ್ತದೆ. ಇಲ್ಲಿ ಗುಳಿಗೆ, ಪ್ರಮಾಣ, ಕಾಲ ಮೂರೂ ಒಂದಾದವು. ಮಾತ್ರೆಯೆಂಬ ಶಬ್ದವು ತನ್ನ ಮೂರು ಅರ್ಥಗಳನ್ನೂ ಒಟ್ಟಿಗೆ ಪಡೆದುದು ಇಂತಹ ಬಿಲ್ಲೆಯಲ್ಲಿಯೇ.

ಮೆಲ್ಲನೆ ಬಿಡುವ ಗುಣ ಮದ್ದಿನದಲ್ಲ, ಮದ್ದನ್ನು ಹೊತ್ತ ತಳಹದಿಯದು. ಸಕ್ಕರೆಯ ಪುಡಿ ನಾಲಗೆಯ ಮೇಲೆ ಕ್ಷಣದಲ್ಲಿ ಕರಗುತ್ತದೆ. ಕಲ್ಲುಸಕ್ಕರೆ ಬಹಳ ಹೊತ್ತು ನಿಲ್ಲುತ್ತದೆ. ಸಿಹಿ ಎರಡರಲ್ಲೂ ಒಂದೇ. ಹಾಗೆಯೇ ತಳಹದಿಯ ಕಣಗಳನ್ನು ಒಂದಕ್ಕೊಂದು ಬಿಗಿಯಾಗಿ ಹೆಣೆದಷ್ಟೂ ನೀರು ಒಳನುಗ್ಗುವುದು ತಡವಾಗುತ್ತದೆ, ಮದ್ದು ಹೊರಬರುವುದೂ ತಡವಾಗುತ್ತದೆ. ಬಿಲ್ಲೆಯಲ್ಲದೆ ಲೇಪದ ರೂಪವೂ ಉಂಟು. ರಾಗಿಯ ಅಂಬಲಿ ಆರಿದಾಗ ಗಟ್ಟಿಯಾದರೆ, ಪೊಲಾಕ್ಸಮರ್ ಎಂಬ ಒಂದು ವಸ್ತುವಿನ ದ್ರಾವಣವು ತಣ್ಣಗಿದ್ದಾಗ ತೆಳುವಾಗಿದ್ದು ದೇಹದ ಕಾವಿಗೆ ಗಟ್ಟಿಯಾಗುತ್ತದೆ. ತೆಳುವಾಗಿ ಕಿಸೆಯೊಳಗೆ ಇಳಿದು, ಒಳಗೆ ಹೋದ ಮೇಲೆ ಗಟ್ಟಿಯಾಗಿ ಕುಳಿತು ಮದ್ದನ್ನು ಬಿಡಲಿ ಎಂಬುದು ಅದರ ಯುಕ್ತಿ.

ಇಷ್ಟನ್ನು ಕೇಳಿದ ಮೇಲೆ ಆ ಬಿಲ್ಲೆಯ ತಳಹದಿ ಯಾವುದೆಂದು ವಿಚಾರಿಸಿದೆ. ನನ್ನ ಶಿಷ್ಯೆ ಕ್ಷಣಕಾಲ ತಡೆದು, “ಗುರುಗಳೇ, ತಮಗೆ ಹೇಳಲೇಬೇಕು. ಅದು ಜಿಲೆಟಿನ್. ಪ್ರಾಣಿಗಳ ಎಲುಬು ಚರ್ಮಗಳಿಂದ ತೆಗೆದುದು. ಮೀನಿನ ಕೊಲಾಜನ್ನಿನಿಂದ ಮಾಡಿದ್ದೂ ಉಂಟು,” ಎಂದಳು. ಆಕೆ ಹೇಳದಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ಹೇಳಿದುದು ನಮ್ಮ ಶಾಲೆಯ ಸಂಸ್ಕಾರವೆಂದು ಹೆಮ್ಮೆಪಟ್ಟೆ. ಇಷ್ಟಲಿಂಗವನ್ನು ಧರಿಸಿ, ಪ್ರಸಾದವೆಂದು ಭಾವಿಸಿ ಉಣ್ಣುವ ಮನೆತನಗಳಲ್ಲಿ ಬೆಳೆದವರಿಗೆ ಬಾಯೊಳಗೆ ಹತ್ತು ದಿನ ಕರಗುವ ವಸ್ತು ಯಾವುದೆಂಬುದು ಅಲ್ಪವಾದ ಪ್ರಶ್ನೆಯಲ್ಲ. ಹಾಗೆಂದು ಈ ಪ್ರಶ್ನೆಯನ್ನು ಪ್ರಾಣಾಪಾಯದ ವೇಳೆಗೆ ಯಾರೂ ಒಯ್ಯಬಾರದು. ಅಲ್ಲಿ ವೈದ್ಯರ ಮಾತೇ ಪ್ರಮಾಣ, ಶರೀರವನ್ನು ಉಳಿಸಿಕೊಳ್ಳುವುದೇ ಧರ್ಮ. ನಾವು ನಿತ್ಯ ನುಂಗುವ ಎಷ್ಟೋ ಕ್ಯಾಪ್ಸೂಲುಗಳ ಕೋಶವೂ ಜಿಲೆಟಿನ್ನಿನದೇ ಎಂಬುದನ್ನು ಬಲ್ಲೆ. ಆದರೆ ಅವಸರವಿಲ್ಲದ ರೋಗದಲ್ಲಿ, ಬೇರೆ ದಾರಿಯಿದ್ದರೆ ಅದನ್ನು ಕೇಳುವ ಹಕ್ಕು ರೋಗಿಗಿದೆ. ಉತ್ತರಿಸುವ ಹೊಣೆ ವೈದ್ಯರಿಗಿದೆ.

ಬೇರೆ ದಾರಿಗಳು ಇವೆ. ಸೆಲ್ಯುಲೋಸ್ ಸಸ್ಯಜನ್ಯ, ಆಲ್ಜಿನೇಟ್ ಕಡಲ ಪಾಚಿಯದು, ಪೆಕ್ಟಿನ್ ಹಣ್ಣುಗಳ ಸಿಪ್ಪೆಯದು, ಗೋರಿಕಾಯಿಯ ಬೀಜದಿಂದ ತೆಗೆವ ಅಂಟೂ ಇದಕ್ಕೆ ಬರುತ್ತದೆ. ಇವುಗಳನ್ನು ತಳಹದಿಯಾಗಿಸಿ ಗಿಡಮೂಲಿಕೆಯ ಮದ್ದನ್ನೇ ಅದರೊಳಗಿರಿಸುವ ಪ್ರಯತ್ನ ಕಳೆದ ಎರಡು ಮೂರು ದಶಕಗಳಿಂದ ನಡೆದಿದೆ. ೨೦೦೨ರಲ್ಲಿ ಜಪಾನಿನ ಸಂಶೋಧಕರು ಹಸಿರು ಚಹದ ಸಾರವನ್ನು ಸೆಲ್ಯುಲೋಸ್ ಜಾತಿಯ ಪಟ್ಟಿಗಳಲ್ಲಿಟ್ಟು ವಸಡಿನ ಕಿಸೆಗಳಲ್ಲಿ ಪರೀಕ್ಷಿಸಿದರು. ೨೦೦೩ರಲ್ಲಿಯೂ ೨೦೦೫ರಲ್ಲಿಯೂ ಥಾಯ್ಲೆಂಡಿನ ಸಂಶೋಧಕರು ನಮ್ಮ ಹಿತ್ತಿಲಲ್ಲಿ ಹಬ್ಬುವ ಒಂದೆಲಗದ ಮತ್ತು ದಾಳಿಂಬೆಯ ಸಿಪ್ಪೆಯ ಸಾರವನ್ನು ಕೂಡಿಸಿ ಕರಗುವ ಬಿಲ್ಲೆ ಮಾಡಿ, ಹಲ್ಲು ಶುಚಿಮಾಡಿದ ಮೇಲೆ ಅದನ್ನಿರಿಸಿ ಫಲವನ್ನು ಪ್ರಕಟಿಸಿದರು. ನಮ್ಮ ಕರ್ನಾಟಕದ ದಂತವೈದ್ಯಕೀಯ ಕಾಲೇಜುಗಳಲ್ಲಿಯೂ ಅರಿಶಿನ, ಬೇವು, ಲೋಳೆಸರ, ತುಳಸಿ, ತ್ರಿಫಲ ಇವುಗಳ ಲೇಪ ಬಿಲ್ಲೆಗಳನ್ನು ಕುರಿತ ಅಭ್ಯಾಸಗಳು ನಡೆದಿವೆ. ಜೀವಿರೋಧಕಗಳನ್ನು ಹಗುರವಾಗಿ ಬಳಸಿದರೆ ಅವಕ್ಕೆ ಬಗ್ಗದ ಸೂಕ್ಷ್ಮಜೀವಿಗಳು ತಲೆಯೆತ್ತುತ್ತವೆಂಬ ಭಯವೂ ಈ ಹುಡುಕಾಟಕ್ಕೆ ಒಂದು ಕಾರಣ.

ಅರಿಶಿನದ ವಿಷಯದಲ್ಲಿ ಈ ಉಪಾಯವು ವಿಶೇಷವಾಗಿ ಸಲ್ಲುತ್ತದೆ. ಅರಿಶಿನದ ಸತ್ತ್ವವಾದ ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸುವ ಗುಣವುಳ್ಳದ್ದು. ಆದರೆ ಅದು ನೀರಿನಲ್ಲಿ ಕರಗದು. ನುಂಗಿದರೆ ರಕ್ತಕ್ಕೆ ಸೇರುವುದು ಅತಿ ಸ್ವಲ್ಪ. ಬೆಳಕಿಗೆ ಕೆಡುತ್ತದೆ. ಹಾಲಿನಲ್ಲಿ ಅರಿಶಿನ ಕುಡಿದರೆ ವಸಡಿನ ಕಿಸೆಗೆ ತಲುಪುವುದೆಷ್ಟೆಂದು ಇದರಿಂದಲೇ ಊಹಿಸಬಹುದು. ರೋಗದ ತಾಣದಲ್ಲಿಯೇ ಇರಿಸಿದರೆ ಹೊಟ್ಟೆಯ ಮೂಲಕ ಸುತ್ತಿ ಬರುವ ಪ್ರಯಾಸವೇ ಇಲ್ಲ. ಇನ್ನೊಂದು ತೊಡಕು ಉಳಿಯುತ್ತದೆ. ಅಡುಗೆಯ ಅರಿಶಿನದಲ್ಲಿ ಈ ಸತ್ತ್ವವು ನೂರಕ್ಕೆ ಸುಮಾರು ಎರಡರಿಂದ ಐದು ಭಾಗ. ಮೇಘಾಲಯದ ಲಕಡಾಂಗ್ ತಳಿಯಲ್ಲಿ ಇನ್ನೂ ಹೆಚ್ಚು. ಚಾಮರಾಜನಗರದ ಹೊಲದ್ದು, ಬೆಳಗಾವಿಯ ಹೊಲದ್ದು, ಈ ವರ್ಷದ್ದು, ಹೋದ ವರ್ಷದ್ದು ಒಂದೇ ಬಲದ್ದಾಗಿರಬೇಕೆಂಬ ನಿಯಮವಿಲ್ಲ. ಪೇಟೆಯ ಪುಡಿಯಲ್ಲಿ ಕೃತಕ ಬಣ್ಣದ ಕಲಬೆರಕೆಯ ಭಯ ಬೇರೆ. ಆದುದರಿಂದ ಅಡುಗೆಮನೆಯ ಡಬ್ಬಿಯ ಅರಿಶಿನವನ್ನು ವಸಡಿಗೆ ತುರುಕಿಕೊಳ್ಳುವುದು ಈ ಚಿಕಿತ್ಸೆಯಲ್ಲ. ಮೂಲಿಕೆಯೆಂದ ಮಾತ್ರಕ್ಕೆ ಮಾತ್ರೆಯ ಲೆಕ್ಕ ತಪ್ಪುವುದಿಲ್ಲ.

ಇಲ್ಲಿ ಪಂಡಿತವರ್ಗದವರಿಗೆ ಪ್ರಿಯವಾದ ಒಂದು ಸಂಗತಿಯನ್ನು ನೆನೆಯಬೇಕು. ೧೯೯೫ರಲ್ಲಿ ಅಮೆರಿಕದಲ್ಲಿ ಗಾಯ ಮಾಯಿಸಲು ಅರಿಶಿನವನ್ನು ಬಳಸುವ ಕ್ರಮಕ್ಕೆ ಪೇಟೆಂಟ್ ನೀಡಲಾಯಿತು. ಭಾರತದ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಮಂಡಳಿಯು ಅದನ್ನು ಪ್ರಶ್ನಿಸಿ, ನಮ್ಮ ಹಳೆಯ ಬರಹಗಳನ್ನು ಆಧಾರವಾಗಿ ಮುಂದಿಟ್ಟಿತು. ೧೯೯೭ರಲ್ಲಿ ಆ ಪೇಟೆಂಟ್ ರದ್ದಾಯಿತು. ಓಲೆ ಪುಸ್ತಕಗಳು ನ್ಯಾಯದ ಕಟ್ಟೆಯಲ್ಲಿ ಸಾಕ್ಷಿ ನುಡಿಯಬಲ್ಲವೆಂದು ನಮಗೆಲ್ಲ ಹರ್ಷವಾದುದು ಸಹಜ. ಆದರೆ ಆ ಸಾಕ್ಷ್ಯದ ವ್ಯಾಪ್ತಿಯನ್ನು ಅರಿಯಬೇಕು. ಹಿಂದಿನವರು ಈ ಮದ್ದನ್ನು ಬಳಸಿದ್ದರೆಂಬುದನ್ನು ಗ್ರಂಥವು ಸಿದ್ಧಪಡಿಸುತ್ತದೆ. ಇಂದಿನ ರೋಗಿಯ ಕಿಸೆಯಲ್ಲಿ ಎಷ್ಟು, ಎಷ್ಟು ಹೊತ್ತು, ಯಾರಿಗೆ ಗುಣವೆಂಬುದನ್ನು ಅದು ಸಿದ್ಧಪಡಿಸುವುದಿಲ್ಲ. ಆಪ್ತವಾಕ್ಯವೂ ಪ್ರಮಾಣ, ಪ್ರತ್ಯಕ್ಷವೂ ಪ್ರಮಾಣ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಬಾರದು.

ನನಗೆ ನಡೆದ ಚಿಕಿತ್ಸೆಯನ್ನು ಸಂಕ್ಷೇಪವಾಗಿ ಹೇಳುವೆನು. ಮೊದಲು ಬಿಲ್ಲೆಯೂ ಇಲ್ಲ, ಲೇಪವೂ ಇಲ್ಲ. ವಸಡಿಗೆ ಜೋಮು ಹಿಡಿಸಿ, ಎರಡು ದಿನಗಳಲ್ಲಿ, ಹಲ್ಲಿನ ಮೇಲಿನ ಗಾರೆಯನ್ನೂ ಕಿಸೆಯೊಳಗೆ ಬೇರಿನ ಮೈಗಂಟಿದುದನ್ನೂ ಹೆರೆದು ತೆಗೆದಳು. ಹಲ್ಲುಜ್ಜುವ ಬಗೆಯನ್ನು, ಹಲ್ಲಿನ ನಡುವೆ ಆಡಿಸುವ ಸಣ್ಣ ಕುಂಚದ ಬಳಕೆಯನ್ನು ಕಲಿಸಿದಳು. ಎರಡು ತಿಂಗಳ ಬಳಿಕ ಮತ್ತೆ ಪ್ರಸ್ತಾರ ಹಾಕಿದಾಗ ಆರು ಕಿಸೆಗಳಲ್ಲಿ ನಾಲ್ಕು, ಮೂರು ನಾಲ್ಕು ಮಿಲಿಮೀಟರಿಗೆ ಇಳಿದಿದ್ದವು. ದವಡೆಯ ಎರಡು ಹಲ್ಲುಗಳಲ್ಲಿ ಮಾತ್ರ ಆರು ಆರಾಗಿಯೇ ಉಳಿದಿತ್ತು.

“ಈಗ ಆಯ್ಕೆ ತಮ್ಮದು,” ಎಂದಳು. “ಜಿಲೆಟಿನ್ ಬಿಲ್ಲೆಗೆ ಪುರಾವೆ ಹೆಚ್ಚು. ಸಸ್ಯಮೂಲದ ತಳಹದಿಯಲ್ಲಿರುವ ಅರಿಶಿನದ ಲೇಪಕ್ಕೆ ಪುರಾವೆಯಿದೆ, ಆದರೆ ಕಡಿಮೆ. ಪರೀಕ್ಷೆಗಳು ಚಿಕ್ಕವು, ಅವಧಿಯೂ ಚಿಕ್ಕದು. ಬಿಲ್ಲೆಯಷ್ಟು ದಿನ ಅದು ನಿಲ್ಲುವುದೂ ಇಲ್ಲ. ಯಾವುದನ್ನಿಟ್ಟರೂ ಶುಚಿಗೆ ಬದಲಿಯಲ್ಲ.”

ಆಕೆಯ ಮಾತು ಎಷ್ಟು ತೂಕದ್ದೆಂಬುದು ಅಂಕಿಗಳಿಂದ ತಿಳಿಯುತ್ತದೆ. ಅಮೆರಿಕದ ದಂತವೈದ್ಯ ಸಂಘವು ೨೦೧೫ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಂತೆ, ಹೆರೆದು ಶುಚಿಮಾಡುವುದೊಂದರಿಂದಲೇ ವಸಡು ಹಲ್ಲನ್ನು ಮರಳಿ ಹಿಡಿಯುವುದು ಸರಾಸರಿ ಅರ್ಧ ಮಿಲಿಮೀಟರಿನಷ್ಟು. ಕ್ಲೋರ್‌ಹೆಕ್ಸಿಡಿನ್ ಬಿಲ್ಲೆಯನ್ನು ಸೇರಿಸಿದರೆ ಅದರ ಮೇಲೆ ಇನ್ನು ೦.೪ ಮಿಲಿಮೀಟರ್. ಪವಾಡದ ಲೆಕ್ಕ ಇದರಲ್ಲಿಲ್ಲ. ಆದರೆ ಅಲುಗುವ ಹಲ್ಲಿಗೆ ಅರ್ಧ ಮಿಲಿಮೀಟರ್ ಎಂಬುದು, ಆರ್ಯೆಯಲ್ಲಿ ಒಂದು ಮಾತ್ರೆ ಹೆಚ್ಚು ಕಡಿಮೆಯಾದಂತೆ, ನಿಲ್ಲುವುದಕ್ಕೂ ಬೀಳುವುದಕ್ಕೂ ನಡುವಣ ಅಂತರವಾಗಬಹುದು.

ನಾನು ಲೇಪವನ್ನು ಒಪ್ಪಿದೆ. ಮತ್ತೊಮ್ಮೆ ಬೇರುಗಳನ್ನು ಹೆರೆದು, ಮೊಂಡಾದ ಸೂಜಿಯಿಂದ ಲೇಪವನ್ನು ಕಿಸೆಯ ತಳದಿಂದ ತುಂಬುತ್ತ ಬಂದು, ಮೇಲೆ ಒಂದು ರಕ್ಷೆಯನ್ನು ಮುಚ್ಚಿದಳು. ಎರಡು ದಿನ ಜೊಲ್ಲು ಹಳದಿಯಾಗಿತ್ತು. ಮನೆಯಾಕೆ, “ಅರಿಶಿನದ ಶಾಸ್ತ್ರ ಬಾಯೊಳಗೇ ಆಯಿತೇನ್ರೀ?” ಎಂದು ನಗೆಯಾಡಿದಳು. ಮೂರು ತಿಂಗಳ ಮೇಲೆ ಅಳೆದಾಗ ಒಂದು ಕಿಸೆ ನಾಲ್ಕಕ್ಕೂ ಇನ್ನೊಂದು ಐದಕ್ಕೂ ಇಳಿದಿತ್ತು. ಎದುರಿನ ಹಲ್ಲು ಬಿಗಿದುಕೊಂಡಿತು; ಸಕಾರದ ಶಿಳ್ಳೆ ನಿಂತಿತು. ಸವೆದ ಎಲುಬು ಮರಳಿ ಬರಲಿಲ್ಲ, ಬರುವುದೆಂದು ಆಕೆ ಹೇಳಿಯೂ ಇರಲಿಲ್ಲ. ಇದರಲ್ಲಿ ಎರಡನೆಯ ಸಲದ ಶುಚಿಯ ಫಲವೆಷ್ಟು, ಅರಿಶಿನದ ಫಲವೆಷ್ಟು, ನಿತ್ಯ ಕುಂಚವಾಡಿಸಿದ ಫಲವೆಷ್ಟು ಎಂದು ಬೇರ್ಪಡಿಸಿ ಹೇಳಲು ನನ್ನೊಬ್ಬನ ಬಾಯಿ ಸಾಲದು. ಅದಕ್ಕೆ ನೂರಾರು ಬಾಯಿಗಳು ಬೇಕು. ಅರ್ಧದಷ್ಟು ಜನಕ್ಕೆ ಮದ್ದಿರುವ ಲೇಪ, ಉಳಿದರ್ಧಕ್ಕೆ ಮದ್ದಿಲ್ಲದ ಬರಿಯ ತಳಹದಿ, ಅಳೆಯುವವರಿಗೆ ಯಾರಿಗೆ ಯಾವುದೆಂಬುದು ತಿಳಿಯದಂತೆ, ವರ್ಷಗಟ್ಟಲೆ ಅಳೆಯಬೇಕು. ನನ್ನ ಅನುಭವವನ್ನು ಯಾರೂ ಪ್ರಮಾಣವೆಂದು ಹಿಡಿಯಬಾರದೆಂದು ಕೈಮುಗಿದು ಬಿನ್ನವಿಸುತ್ತೇನೆ. ಪ್ರಮಾಣವನ್ನು ಹುಡುಕಲು ಒಂದು ಕಾರಣವೆಂದು ಹಿಡಿದರೆ ಸಾಕು.

ಹುಡುಕುವ ಶಕ್ತಿ ನಮ್ಮವರಲ್ಲಿದೆ. ಮೈಸೂರಿನಲ್ಲಿ ಸುತ್ತೂರು ಶ್ರೀಮಠದ ಆಶ್ರಯದ ಜೆ.ಎಸ್.ಎಸ್. ವಿದ್ಯಾಪೀಠವು ೧೯೭೩ರಲ್ಲಿ ಔಷಧವಿಜ್ಞಾನದ ಕಾಲೇಜನ್ನೂ ೧೯೮೬ರಲ್ಲಿ ದಂತವೈದ್ಯಕೀಯ ಕಾಲೇಜನ್ನೂ ತೆರೆಯಿತು. ೧೯೧೬ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯಲ್ಲಿಯೂ ಈ ವಿದ್ಯೆಗಳೆರಡೂ ಇವೆ. ಮದ್ದನ್ನು ಕಟ್ಟುವವರೂ ಹಲ್ಲನ್ನು ನೋಡುವವರೂ ಒಂದೇ ಸೂರಿನಡಿ ಇರುವಲ್ಲಿ, ಸಸ್ಯದ ತಳಹದಿಯಲ್ಲಿ ಸಸ್ಯದ ಮದ್ದನ್ನು ಸಮನಾದ ಬಲದಲ್ಲಿ ಕಟ್ಟಿ, ದೀರ್ಘಕಾಲ ಪರೀಕ್ಷಿಸುವುದು ಅಸಾಧ್ಯವಾದುದಲ್ಲ. ಅನ್ನದಾಸೋಹ ಅಕ್ಷರದಾಸೋಹಗಳ ಸಾಲಿನಲ್ಲಿ ಇಂತಹ ಶೋಧಕ್ಕೂ ಒಂದು ಎಡೆ ದೊರೆಯಲಿ ಎಂದು ದಾನಿಗಳಲ್ಲಿ ನನ್ನ ಅರಿಕೆ.

ನಮ್ಮ ಶಾಲೆಯ ಮಟ್ಟಿಗೆ ಎರಡು ಕೆಲಸಗಳು ಕೂಡಲೆ ಆಗಬಹುದು. ಪ್ರಸಾದನಿಲಯದ ಮಕ್ಕಳಿಗೆ ವರ್ಷಕ್ಕೆರಡು ಸಲ ಹಲ್ಲು ವಸಡುಗಳ ತಪಾಸಣೆ. ದಂತವೈದ್ಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಇದಕ್ಕೆ ಮನಸ್ಸು ಮಾಡಿದರೆ ಖರ್ಚಿನ ಮಾತೇ ಬಾರದು. ಮಕ್ಕಳಲ್ಲಿ ರಕ್ತ ಒಸರುವುದನ್ನು ಆಗಲೇ ಕಂಡರೆ ಕುಂಚ ಸಾಕು, ಬಿಲ್ಲೆ ಬೇಡ. ಎರಡನೆಯದಾಗಿ, ಶಾಲೆಯ ಹಿಂಬದಿಯ ಬಾವಿಯ ಸುತ್ತ ಒಂದು ಮೂಲಿಕೆಯ ತೋಟ: ಒಂದೆಲಗ, ಲೋಳೆಸರ, ತುಳಸಿ, ಅರಿಶಿನ, ಒಂದು ದಾಳಿಂಬೆ, ಒಂದು ಬೇವು. ಗಿಡದ ಬಳಿ ನಿಲ್ಲಿಸುವ ಹಲಗೆಯ ಮೇಲೆ ಹೆಸರನ್ನು ಮಾತ್ರ ಬರೆದರೆ ಸಾಲದು. ಯಾವ ಭಾಗ, ಯಾವ ತಾಣಕ್ಕೆ, ಎಷ್ಟು, ಎಷ್ಟು ಹೊತ್ತು, ಇದುವರೆಗೆ ಪರೀಕ್ಷೆಯಾಗಿದೆಯೇ ಇಲ್ಲವೇ ಎಂಬುದನ್ನೂ ಬರೆಯಬೇಕು. ಪರೀಕ್ಷೆಯಾಗಿಲ್ಲದ ಕಡೆ ಜಾಗವನ್ನು ಖಾಲಿ ಬಿಡೋಣ. ಆ ಖಾಲಿ ಜಾಗವನ್ನು ತುಂಬುವವರು ಇದೇ ಶಾಲೆಯಿಂದ ಹೊರಟ ಮಕ್ಕಳಾಗಲಿ.